ಉಳುವ ಕೋಣ ಬೇರೆ, ಕಂಬಳದ ಕೋಣ ಬೇರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುವರ್ಗದ ತರುಣರಲ್ಲಿಯೂ ಒಂದು ವಿವಾದ ಬಹುಕಾಲದಿಂದ ನಡೆದುಬಂದಿದೆ. ಚಾಲನೆಯ ಸುಖಕ್ಕಾಗಿ, ವೇಗದ ಹುಮ್ಮಸ್ಸಿಗಾಗಿ ಕೊಳ್ಳುವ ಕಾರು, ಅವರ ಮಾತಿನಲ್ಲಿ ಹೇಳುವುದಾದರೆ ‘ಸ್ಪೋರ್ಟಿ ಕಾರು’, ಡೀಸೆಲಿನದಾಗಿರಬೇಕೋ ಪೆಟ್ರೋಲಿನದಾಗಿರಬೇಕೋ ಎಂಬುದೇ ಆ ವಿವಾದ. ಉಡುಪಿಯ ಮದುವೆ ಮಂಟಪಗಳಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ನಡುವೆ, ಮಣಿಪಾಲದ ಚಹಾದಂಗಡಿಗಳಲ್ಲಿ, ಕಾರ್ಕಳದ ಗ್ಯಾರೇಜುಗಳ ಮುಂದೆ ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಡೀಸೆಲ್ ಪಕ್ಷದವರ ಶ್ರುತಿ ಯಾವಾಗಲೂ ಒಂದು ಮನೆ ಮೇಲಿರುತ್ತದೆ. “ಟಾರ್ಕ್ ನೋಡಿ ಸರ್, ಟಾರ್ಕ್!” ಎಂದು ಒಂದೇ ಅಂಕಿಯನ್ನು ಮಂತ್ರದಂತೆ ಜಪಿಸುತ್ತಾರೆ. ಕೇಳುವವರು ಶಾಲೆಯ ಭೌತಶಾಸ್ತ್ರವನ್ನು ಮರೆತವರಾದರೆ ತಲೆದೂಗಿ ಸುಮ್ಮನಾಗುತ್ತಾರೆ.

ನಾನು ಸುಮ್ಮನಿರಲಾರೆ. ನನ್ನ ಪಕ್ಷವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಡೀಸೆಲ್ ಎಂಜಿನ್ ದುಡಿಮೆಯ ಎಂಜಿನ್, ಆಟದ ಎಂಜಿನ್ ಅಲ್ಲ. ಅದನ್ನು ನಮ್ಮ ನಾಡಿನ ಆಟದ ಕಾರುಗಳೊಳಗೆ ತಂದು ಕೂರಿಸಿದ್ದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ನಮ್ಮ ದೇಶದ ಇಂಧನ ಬೆಲೆಯ ವಕ್ರನೀತಿ. ಆ ನೀತಿ 2014ರಲ್ಲಿ ಸತ್ತಿತು. ಅದರ ಪ್ರೇತ ಮಾತ್ರ ಇನ್ನೂ ನಮ್ಮ ಹುಡುಗರ ಬೆನ್ನು ಬಿಟ್ಟಿಲ್ಲ. ಹತ್ತು ವರ್ಷ ಹಳೆಯ ಡೀಸೆಲ್ ಕಾರನ್ನು ಎರಡನೆಯ ಕೈಯಲ್ಲಿ ಕೊಂಡು, ಅದರ ಕಂಪ್ಯೂಟರನ್ನು ತಿದ್ದಿಸಿ, ಕರಿಹೊಗೆ ಕಾರುತ್ತಾ ಓಡಿಸುವುದೇ ಪೌರುಷವೆಂದು ತಿಳಿದವರು ಮಣಿಪಾಲದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಕೆಲವರು ನನ್ನಿಂದ ಪಾಠ ಹೇಳಿಸಿಕೊಂಡವರ ಮಕ್ಕಳು. ಆದುದರಿಂದ ಇದನ್ನು ಹುಡುಗಾಟದ ಚರ್ಚೆಯೆಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ.

ತುಳುನಾಡಿನವರಿಗೆ ಈ ವಿಚಾರವನ್ನು ತಿಳಿಯಹೇಳಲು ಜರ್ಮನಿಗೆ ಹೋಗಬೇಕಾಗಿಲ್ಲ. ಕಾರ್ಕಳದ ಮಿಯ್ಯಾರಿಗೋ ನಮ್ಮ ಕಟಪಾಡಿಗೋ ಕಂಬಳ ನೋಡಲು ಹೋದರೆ ಸಾಕು. ಗದ್ದೆ ಉಳುವ ಕೋಣವನ್ನೂ ಕಂಬಳದ ಕೋಣವನ್ನೂ ನಮ್ಮ ರೈತ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಎರಡೂ ಒಂದೇ ಜಾತಿಯ ಪ್ರಾಣಿ, ಎರಡಕ್ಕೂ ಬಲವಿದೆ. ಒಂದರ ಬಲ ದಿನವಿಡೀ ಕೆಸರಿನಲ್ಲಿ ನೇಗಿಲೆಳೆಯುವ ತಾಳ್ಮೆಯ ಬಲ. ಇನ್ನೊಂದರ ಬಲ ಕೆಲವೇ ಸೆಕೆಂಡುಗಳಲ್ಲಿ ಕರೆಯ ಈ ತುದಿಯಿಂದ ಆ ತುದಿಗೆ ನುಗ್ಗುವ ಬಲ. ಉಳುವ ಕೋಣವನ್ನು ಕಂಬಳಕ್ಕೆ ಇಳಿಸದಿರುವುದು ಅದಕ್ಕೆ ಅವಮಾನವಲ್ಲ. ಅದರ ಯೋಗ್ಯತೆ ಬೇರೆ ಕಡೆ ಇದೆ, ಅಷ್ಟೆ.

ಡೀಸೆಲಿನ ಯೋಗ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1893ರಲ್ಲಿ ಪೇಟೆಂಟ್ ಪಡೆದು, ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ವರ್ಷಗಟ್ಟಲೆ ಹೆಣಗಿ, 1897ರಲ್ಲಿ ತನ್ನ ಎಂಜಿನ್ನನ್ನು ಜನರ ಮುಂದಿಟ್ಟಾಗ, ಅದು ಇಂಧನದಲ್ಲಿದ್ದ ಶಕ್ತಿಯ ನೂರರಲ್ಲಿ ಸುಮಾರು 26 ಪಾಲನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿಯಂತ್ರಗಳು ಅದರ ಅರ್ಧವನ್ನು ಮುಟ್ಟಲೂ ಹೆಣಗುತ್ತಿದ್ದವು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ನನ್ನು ನೆಲಗಡಲೆ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಮುಂದೆ 1936ರಲ್ಲಿ ಮರ್ಸಿಡಿಸ್-ಬೆಂಝ್ 260 ಡಿ ಎಂಬ ಡೀಸೆಲ್ ಕಾರು ಮಾರುಕಟ್ಟೆಗೆ ಬಂದಾಗ ಅದನ್ನು ಹೆಚ್ಚಾಗಿ ಕೊಂಡವರು ಟ್ಯಾಕ್ಸಿಯವರು. ನಮ್ಮಲ್ಲಿಯೂ ಡೀಸೆಲ್ ಅಂಬಾಸಿಡರನ್ನು ನಾವು ಕಂಡದ್ದು ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ. ದುಡಿದು ತಿನ್ನುವವನು ಈ ಎಂಜಿನ್ನಿನ ಮಹಿಮೆಯನ್ನು ಮೊದಲೇ ಅರಿತಿದ್ದ.

ಇಂದಿಗೂ ನಮ್ಮ ಕರಾವಳಿಯನ್ನು ನಡೆಸುತ್ತಿರುವುದು ಡೀಸೆಲೇ. ಮಲ್ಪೆ ಬಂದರಿನಿಂದ ಕಡಲಿಗಿಳಿಯುವ ಟ್ರಾಲ್ ಬೋಟುಗಳು, ಉಡುಪಿ–ಮಂಗಳೂರು ನಡುವೆ ಓಡುವ ಎಕ್ಸ್‌ಪ್ರೆಸ್ ಬಸ್ಸುಗಳು, ಕಾರ್ಕಳದ ಕಲ್ಲು ಹೊರುವ ಲಾರಿಗಳು, ಎಲ್ಲವೂ ಡೀಸೆಲಿನ ಋಣದಲ್ಲಿವೆ. ಕಡಲಿನಲ್ಲಿ ದಿನಗಟ್ಟಲೆ ಒಂದೇ ವೇಗದಲ್ಲಿ ಬಲೆ ಎಳೆಯಬೇಕಾದ ಬೋಟಿಗೆ ಅದಕ್ಕಿಂತ ತಕ್ಕ ಎಂಜಿನ್ ಇಲ್ಲ. ಕಾಪುವಿನ ದಡದಿಂದ ಹೊರಡುವ ನಾಡದೋಣಿಯ ಕತೆ ಬೇರೆ. ಅಲೆ ದಾಟಿ ಚುರುಕಾಗಿ ಹೋಗಿ ಬರಬೇಕಾದ ಆ ದೋಣಿಯ ಹಿಂದೆ ಕಟ್ಟುವುದು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಹಗುರವಾದ ಯಂತ್ರವನ್ನು. ಬಿಇ ಓದದ ಮೀನುಗಾರನಿಗೆ ತಿಳಿದಿರುವ ಈ ಭೇದ, ಬಿಇ ಓದುತ್ತಿರುವ ಹುಡುಗನಿಗೆ ಕಾರು ಕೊಳ್ಳುವಾಗ ಮಾತ್ರ ಏಕೆ ಮರೆಯುತ್ತದೆ?

ಇನ್ನು ಭೌತಶಾಸ್ತ್ರಕ್ಕೆ ಬರೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಕೂಡಿಸಿ, ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಬರೀ ಗಾಳಿಯನ್ನು ಹದಿನೈದರಿಂದ ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತುವುದರಿಂದ ಹೆಚ್ಚು ಮಿತವ್ಯಯ. ಇದು ಡೀಸೆಲಿನ ಗುಣ. ಆದರೆ ಅದೇ ಗುಣಕ್ಕೆ ಮೂರು ಬೆಲೆ ತೆರಬೇಕು. ಆ ಒತ್ತಡವನ್ನು ತಡೆಯಲು ಎಂಜಿನ್ನಿನ ಭಾಗಗಳು ದಪ್ಪವೂ ಭಾರವೂ ಆಗಿರಬೇಕು. ಚಿಮುಕಿಸಿದ ಇಂಧನ ಗಾಳಿಯೊಡನೆ ಬೆರೆತು ಉರಿಯಲು ಸಮಯ ಬೇಕಾದುದರಿಂದ ಎಂಜಿನ್ ಬಹಳ ವೇಗವಾಗಿ ಸುತ್ತಲಾರದು. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಆರು-ಏಳು ಸಾವಿರ ಸುತ್ತಿಗೆ ನಲಿಯುತ್ತಾ ಏರಿದರೆ, ಡೀಸೆಲ್ ನಾಲ್ಕೂವರೆ-ಐದು ಸಾವಿರಕ್ಕೆ ಏದುಸಿರು ಬಿಡುತ್ತದೆ. ಮೂರನೆಯ ಬೆಲೆ ಹೊಗೆ. ಅದರ ವಿಚಾರ ಮುಂದೆ ಹೇಳುತ್ತೇನೆ.

ಈಗ ಟಾರ್ಕ್ ಎಂಬ ಮಂತ್ರವನ್ನು ಬಿಡಿಸಿ ನೋಡೋಣ. ಟಾರ್ಕ್ ಎಂದರೆ ತಿರುಗಿಸುವ ಬಲ. ಸಾಮರ್ಥ್ಯ ಎಂದರೆ ಆ ಬಲದಿಂದ ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸ. ಬಾವಿಯಿಂದ ಇಬ್ಬರು ನೀರು ಸೇದುತ್ತಿದ್ದಾರೆನ್ನಿ. ಒಬ್ಬ 20 ಲೀಟರಿನ ಕೊಡಪಾನವನ್ನು ನಿಮಿಷಕ್ಕೆ ಮೂರು ಬಾರಿ ಎಳೆಯುತ್ತಾನೆ. ಇನ್ನೊಬ್ಬ 12 ಲೀಟರಿನ ಕೊಡಪಾನವನ್ನು ನಿಮಿಷಕ್ಕೆ ಐದು ಬಾರಿ ಎಳೆಯುತ್ತಾನೆ. ಮೊದಲನೆಯವನ ತೋಳನ್ನು ನೋಡಿ ಬೆರಗಾಗುವವರು ಬೆರಗಾಗಲಿ. ಹಂಡೆ ತುಂಬುವುದು ಇಬ್ಬರದೂ ಒಂದೇ ಹೊತ್ತಿಗೆ, ನಿಮಿಷಕ್ಕೆ 60 ಲೀಟರ್. ಕಾರಿನಲ್ಲಿಯೂ ಹಾಗೆಯೇ. ಎಂಜಿನ್ನಿನ ಟಾರ್ಕ್ ನೇರವಾಗಿ ಗಾಲಿಗೆ ಹೋಗುವುದಿಲ್ಲ. ನಡುವೆ ಗೇರ್‌ಬಾಕ್ಸ್ ಇದೆ, ಅದು ಸನ್ನೆಗೋಲಿನಂತೆ ಬಲವನ್ನು ಹೆಚ್ಚಿಸುತ್ತದೆ. ವೇಗವಾಗಿ ಸುತ್ತಬಲ್ಲ ಎಂಜಿನ್ನಿಗೆ ಇನ್ನಷ್ಟು ಬಲ ಹೆಚ್ಚಿಸುವ ಗೇರನ್ನು ಕೊಡಬಹುದು. ಕಟ್ಟಕಡೆಗೆ ಕಾರನ್ನು ಮುಂದಕ್ಕೆ ದೂಡುವುದು ಸಾಮರ್ಥ್ಯವೇ ಹೊರತು ಎಂಜಿನ್ನಿನ ಕಾಗದದ ಮೇಲಿನ ಟಾರ್ಕ್ ಅಲ್ಲ.

ಇದಕ್ಕೆ ನಮ್ಮ ಕಣ್ಣೆದುರಿಗೇ ಒಳ್ಳೆಯ ಉದಾಹರಣೆಯಿದೆ. ಫೋಕ್ಸ್‌ವ್ಯಾಗನ್ ಕಂಪನಿ 2013ರಲ್ಲಿ ಭಾರತದಲ್ಲಿ ಪೋಲೋ ಜಿಟಿ ಎಂಬ ಸ್ಪೋರ್ಟಿ ಕಾರನ್ನು ಎರಡು ರೂಪದಲ್ಲಿ ತಂದಿತು. ಒಂದು 1.2 ಲೀಟರಿನ ಟಿಎಸ್ಐ ಪೆಟ್ರೋಲ್, ಇನ್ನೊಂದು 1.6 ಲೀಟರಿನ ಟಿಡಿಐ ಡೀಸೆಲ್. ಟಾರ್ಕ್ ಪೆಟ್ರೋಲಿನದು 175 ನ್ಯೂಟನ್-ಮೀಟರ್, ಡೀಸೆಲಿನದು 250. ಡೀಸೆಲ್ ಪಕ್ಷದವರು ಇಲ್ಲಿಗೆ ಓದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಸಾಲನ್ನೂ ಓದಬೇಕು. ಸಾಮರ್ಥ್ಯ ಎರಡರದೂ ಸಮಸಮ, 105 ಅಶ್ವಶಕ್ತಿ. ಅದನ್ನು ಪೆಟ್ರೋಲ್ ಎಂಜಿನ್ ಸಾಧಿಸಿದ್ದು ನಾಲ್ಕನೆಯ ಒಂದು ಪಾಲು ಚಿಕ್ಕದಾದ ಹೊಟ್ಟೆಯಿಂದ. ಅಷ್ಟೇ ಅಲ್ಲ, ಡೀಸೆಲ್ ತನ್ನ ಪೂರ್ಣ ಟಾರ್ಕನ್ನು ಕೊಡುವುದು 1,500ರಿಂದ 2,500 ಸುತ್ತಿನವರೆಗೆ ಮಾತ್ರ. ಪೆಟ್ರೋಲ್ ಹೆಚ್ಚುಕಡಿಮೆ ಅಲ್ಲಿಂದಲೇ ಆರಂಭಿಸಿ 4,100ರವರೆಗೂ ಅದನ್ನು ಹಿಡಿದಿಡುತ್ತದೆ. ಒಂದು ಸಂಚಾರಿಯಲ್ಲಿಯೇ ಕೂಗಿ ಮುಗಿಸುವ ಗಾಯಕ, ಇನ್ನೊಬ್ಬ ಮೂರು ಸ್ಥಾಯಿಗಳಲ್ಲಿ ಸಂಚರಿಸುವವ. ಆಟದ ಕಾರಿಗೆ ಯಾರು ಬೇಕು?

“ಹಾಗಾದರೆ ಡೀಸೆಲ್ ಕಾರಿನಲ್ಲಿ ಬೆನ್ನು ಸೀಟಿಗೆ ಒತ್ತಿದಂತಾಗುವುದು ಏಕೆ?” ಎಂದು ಕೇಳುವಿರಿ. ಆ ಅನುಭವ ಸುಳ್ಳಲ್ಲ. ಗೇರು ಇಳಿಸುವ ಗೋಜಿಲ್ಲದೆ ಪಡುಬಿದ್ರಿಯ ಬಳಿ ಲಾರಿಯನ್ನು ದಾಟಲು ಆ ಬಲ ನಿಜವಾಗಿಯೂ ಅನುಕೂಲ. ಆದರೆ ಅದು ಅನುಕೂಲ, ಆಟವಲ್ಲ. ಗೇರು ಬದಲಿಸುವುದರಲ್ಲಿ, ಎಂಜಿನ್ನಿನ ಸ್ವರ ಏರುವುದನ್ನು ಕೇಳುತ್ತಾ ತಕ್ಕ ಕ್ಷಣಕ್ಕೆ ಕಾಯುವುದರಲ್ಲಿ ಸುಖ ಕಾಣದವನಿಗೆ ಸ್ಪೋರ್ಟಿ ಕಾರು ಏಕೆ?

ಆಗ ಅವರು ಆಗುಂಬೆ ಘಾಟಿಯನ್ನು ತರುತ್ತಾರೆ. ಸೋಮೇಶ್ವರದಿಂದ ಮೇಲೇರುವಾಗ ಡೀಸೆಲಿನ ಮುಂದೆ ಪೆಟ್ರೋಲ್ ನಿಲ್ಲದು ಎಂಬುದು ಅವರ ವಾದ. ಹದಿನಾಲ್ಕು ತಿರುವುಗಳ ಆ ಇಕ್ಕಟ್ಟಿನ ರಸ್ತೆಯನ್ನು ಬಲ್ಲವರೆಲ್ಲ ಒಂದು ಮಾತನ್ನು ಒಪ್ಪುತ್ತಾರೆ: ಅಲ್ಲಿ ಕಾರಿನ ಪರೀಕ್ಷೆ ನಡೆಯುವುದು ನೇರದಲ್ಲಿ ಅಲ್ಲ, ತಿರುವಿನಲ್ಲಿ. ಮುಂದಿನ ಗಾಲಿಗಳಿಂದ ಓಡುವ ಚಿಕ್ಕ ಕಾರಿನ ಮೂಗಿನ ಮೇಲೆ ಭಾರವಾದ ಡೀಸೆಲ್ ಎಂಜಿನ್ನನ್ನು ಕೂರಿಸಿದರೆ, ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರು ಹೊರಬದಿಗೆ ಜಾರಲು ಹವಣಿಸುತ್ತದೆ. ಇಳಿಯುವಾಗ ಅದೇ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಜಡತ್ವದ ನಿಯಮವನ್ನು ಎಂಟನೆಯ ತರಗತಿಯಲ್ಲಿ ಕಲಿಸಿದ್ದು ಪರೀಕ್ಷೆಗಾಗಿ ಮಾತ್ರವಲ್ಲ. ಮಳೆಗಾಲದ ಆಗುಂಬೆಯಲ್ಲಿ ವೇಗ ತೋರಿಸುವವನು ಡೀಸೆಲಿನವನಾದರೂ ಪೆಟ್ರೋಲಿನವನಾದರೂ ಮೂರ್ಖನೇ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಅವರ ಕೊನೆಯ ಅಸ್ತ್ರ ಲೆ ಮಾನ್. ಫ್ರಾನ್ಸಿನಲ್ಲಿ ನಡೆಯುವ ಆ 24 ಗಂಟೆಗಳ ಸ್ಪರ್ಧೆಯನ್ನು 2006ರಲ್ಲಿ ಔಡಿಯ ಡೀಸೆಲ್ ಕಾರು ಗೆದ್ದಿತು. ಡೀಸೆಲ್ ಅಲ್ಲಿ ಗೆದ್ದದ್ದು ಅದೇ ಮೊದಲು. 2014ರವರೆಗೆ ಒಂದು ವರ್ಷವೂ ಬಿಡದೆ ಡೀಸೆಲ್ ಕಾರುಗಳೇ ಗೆದ್ದವು. 2009ರಲ್ಲಿ ಪ್ಯೂಜೋ, ಉಳಿದ ವರ್ಷಗಳಲ್ಲೆಲ್ಲ ಔಡಿ. ಇದು ಸತ್ಯ, ಸಾಧನೆಯೂ ದೊಡ್ಡದು. ಆದರೆ ನಿಯಮಾವಳಿಯನ್ನೂ ಓದಬೇಕಲ್ಲವೇ? ಟರ್ಬೋ ಇರುವ ಪೆಟ್ರೋಲ್ ಎಂಜಿನ್ನಿಗೆ 4 ಲೀಟರಿನ ಮಿತಿ ಹಾಕಿದ ಕಾಲದಲ್ಲಿ ಡೀಸೆಲಿಗೆ 5.5 ಲೀಟರಿನವರೆಗೆ ಅವಕಾಶವಿತ್ತು. ಮೇಲಾಗಿ ಅದು ಸಹನೆಯ ಸ್ಪರ್ಧೆ. ಕಡಿಮೆ ಬಾರಿ ಇಂಧನ ತುಂಬಿಸುವವನಿಗೆ ಅಲ್ಲಿ ಲಾಭ. ನಮ್ಮ ಕಂಬಳದಲ್ಲಿ ಕನೆ ಹಲಗೆಯೆಂಬ ವಿಭಾಗವಿದೆ. ಅಲ್ಲಿ ನೋಡುವುದು ಓಟದ ಸಮಯವನ್ನಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದನ್ನು. ಕನೆ ಹಲಗೆಯಲ್ಲಿ ಗೆದ್ದ ಜೋಡಿ ಹಗ್ಗದ ಓಟದಲ್ಲಿಯೂ ಗೆದ್ದಂತೆ ಎಂದು ಯಾರಾದರೂ ವಾದಿಸುತ್ತಾರೆಯೇ?

ಇದಕ್ಕಿಂತ ಹಳೆಯ ಕತೆ ಅಮೆರಿಕದ ಇಂಡಿಯಾನಾಪೊಲಿಸ್ ಸ್ಪರ್ಧೆಯದು. 1931ರಲ್ಲಿ ಕಮಿನ್ಸ್ ಕಂಪನಿಯ ಡೀಸೆಲ್ ಕಾರು 500 ಮೈಲಿಯನ್ನು ಎಲ್ಲಿಯೂ ನಿಲ್ಲದೆ ಮುಗಿಸಿತು, ಆದರೆ ಬಂದದ್ದು 13ನೆಯದಾಗಿ. 1952ರಲ್ಲಿ ಅದೇ ಕಂಪನಿಯ ಇನ್ನೊಂದು ಕಾರು ಅರ್ಹತಾ ಸುತ್ತಿನ ಮೂಲಕ ಮೊದಲ ಸ್ಥಾನ ಪಡೆದು ಹೊರಟಿತು. ಸ್ಪರ್ಧೆಯ ನಡುವೆ ಟೈರಿನ ರಬ್ಬರ್ ಚೂರುಗಳು ಟರ್ಬೋದ ಗಾಳಿದಾರಿಯನ್ನು ಕಟ್ಟಿ, ಕಾರು ಕೈಕೊಟ್ಟಿತು. ಡೀಸೆಲ್ ಓಡಲಾರದು ಎಂದು ನಾನು ಹೇಳುತ್ತಿಲ್ಲ. ಅದನ್ನು ಓಡಿಸಲು ಪಡುವ ಪಾಡು ನೋಡಿ ಎನ್ನುತ್ತಿದ್ದೇನೆ. ಮಣಿಪಾಲದ ಎಂಐಟಿಯ ಹುಡುಗರೇ ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿಕೊಂಡು ರೇಸಿನ ಕಾರುಗಳನ್ನು ತಯಾರಿಸುತ್ತಾರೆ. ಆ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಎಂಜಿನ್ 710 ಸಿಸಿ ಮೀರಬಾರದು. ಜಗತ್ತಿನೆಲ್ಲೆಡೆಯ ತಂಡಗಳು ಅದಕ್ಕೆ ಸಾಮಾನ್ಯವಾಗಿ ಆರಿಸುವುದು ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಎಂಜಿನ್ನನ್ನು. ಈಚೆಗೆ ವಿದ್ಯುತ್ ಮೋಟಾರನ್ನೂ ಆರಿಸುತ್ತಾರೆ. ಬಂಕಿನ ಬೆಲೆಯ ಆಮಿಷವಿಲ್ಲದೆ, ತೂಕ ಮತ್ತು ವೇಗ ಎರಡನ್ನೇ ಲೆಕ್ಕ ಹಾಕುವವರ ಆಯ್ಕೆ ಅದು.

ಹಾಗಿದ್ದರೆ ನಮ್ಮ ನಾಡಿನಲ್ಲಿ ‘ಸ್ಪೋರ್ಟಿ ಡೀಸೆಲ್’ ಎಂಬ ವಿಚಿತ್ರ ತಳಿ ಹುಟ್ಟಿದ್ದು ಹೇಗೆ? ಉತ್ತರ ಬಂಕಿನ ಫಲಕದಲ್ಲಿದೆ. ಕೇಂದ್ರ ಸರಕಾರ 2010ರ ಜೂನ್ ತಿಂಗಳಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಡೀಸೆಲನ್ನು ಬಿಡಲಿಲ್ಲ. ರೈತನ ಪಂಪು, ಬಡವನ ಬಸ್ಸು, ಸಾಮಾನು ಸಾಗಿಸುವ ಲಾರಿ ಇವುಗಳಿಗೆ ಹೊರೆಯಾಗಬಾರದು ಎಂಬ ಸದುದ್ದೇಶ ಅದರ ಹಿಂದಿತ್ತು. 2012ರ ಮೇ ತಿಂಗಳ ಕೊನೆಗೆ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ 18 ಪೈಸೆ, ಡೀಸೆಲ್ 40 ರೂಪಾಯಿ 91 ಪೈಸೆ. ಅಂತರ 32 ರೂಪಾಯಿ! ಲೀಟರಿಗೆ ಪೆಟ್ರೋಲ್ ಕಾರು 15 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ ಡೀಸೆಲ್ ಕಾರಿನ ಖರ್ಚು ಪೆಟ್ರೋಲಿನ ಅರ್ಧವೂ ಆಗುತ್ತಿರಲಿಲ್ಲ. ಇದಕ್ಕೂ ಮೊದಲೇ, 2006ರ ಬಜೆಟ್ಟಿನಲ್ಲಿ, ಕಡಿಮೆ ತೆರಿಗೆಯ ‘ಸಣ್ಣ ಕಾರು’ ಯಾವುದೆಂದು ನಿರ್ಣಯಿಸುವಾಗ ಪೆಟ್ರೋಲಿಗೆ 1,200 ಸಿಸಿಯ ಮಿತಿ ಹಾಕಿ ಡೀಸೆಲಿಗೆ 1,500 ಸಿಸಿಯವರೆಗೆ ಸಡಿಲ ಬಿಟ್ಟಿದ್ದರು. ಜನ ಡೀಸೆಲಿಗೆ ಮುಗಿಬಿದ್ದರು. ಫಿಯಟ್ ವಿನ್ಯಾಸದ 1,248 ಸಿಸಿಯ ಒಂದೇ ಎಂಜಿನ್ ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಕುಳಿತಿತು. ಒಂದು ಹಂತದಲ್ಲಿ ದೇಶದಲ್ಲಿ ಮಾರಾಟವಾಗುತ್ತಿದ್ದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕೂ ಮಿಕ್ಕಿ ಡೀಸೆಲಿನವೇ ಆದವು.

ಇಲ್ಲಿನ ಅನ್ಯಾಯವನ್ನು ಗಮನಿಸಬೇಕು. ಸರಕಾರ ಲೀಟರಿಗೆ ಇಂತಿಷ್ಟೆಂದು ಭರಿಸುತ್ತಿದ್ದ ನಷ್ಟ ಹುಡುಗನ ಜಿಟಿ ಕಾರಿಗೂ ಮೇಷ್ಟ್ರು ಶಾಲೆಗೆ ಹೋಗುವ ಬಸ್ಸಿಗೂ ಭೇದವಿಲ್ಲದೆ ಹರಿಯುತ್ತಿತ್ತು. ಕಿರೀಟ್ ಪಾರಿಖ್ ಸಮಿತಿ 2010ರಲ್ಲಿಯೇ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿಯ ಹೆಚ್ಚುವರಿ ಸುಂಕ ಹಾಕಿರಿ ಎಂದಿತ್ತು. ಅದನ್ನು ಜಾರಿಗೆ ತರಲಿಲ್ಲ. 2013ರ ಜನವರಿಯಲ್ಲಿ ಇನ್ನೂ ವಿಪರೀತವಾಯಿತು. ಸಗಟಾಗಿ ಕೊಳ್ಳುವ ರೈಲ್ವೆಗೂ ಸರಕಾರಿ ಬಸ್ ಸಂಸ್ಥೆಗಳಿಗೂ ಡೀಸೆಲನ್ನು ಮಾರುಕಟ್ಟೆ ಬೆಲೆಗೆ, ಅಂದರೆ ಲೀಟರಿಗೆ ಸುಮಾರು ಹತ್ತು ರೂಪಾಯಿ ಹೆಚ್ಚಿಗೆ, ಮಾರತೊಡಗಿದರು. ಬಂಕಿನಲ್ಲಿ ತುಂಬಿಸುವ ಖಾಸಗಿ ಕಾರಿಗೆ ಮಾತ್ರ ಅಗ್ಗದ ಬೆಲೆಯೇ ಮುಂದುವರಿಯಿತು. ಹಲವು ರಾಜ್ಯಗಳ ಸರಕಾರಿ ಬಸ್ಸುಗಳು ಡಿಪೋ ಬಿಟ್ಟು ಬಂಕುಗಳ ಮುಂದೆ ಸಾಲು ನಿಂತವು. ಅರುವತ್ತು ಜನರನ್ನು ಹೊರುವ ಬಸ್ಸಿಗೆ ದುಬಾರಿ ಡೀಸೆಲ್, ಒಬ್ಬನನ್ನು ಹೊರುವ ಕಾರಿಗೆ ಅಗ್ಗದ ಡೀಸೆಲ್! ಉಳುವ ಕೋಣದ ಹುರುಳಿಯನ್ನು ಕದ್ದು ತಿಂದು ಮೈ ಬೆಳೆಸಿದ ಕಂಬಳದ ಕೋಣವೆಂದರೆ ಇದೇ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟ ಮೇಲೆ ಡೀಸೆಲ್ ಕಾರುಗಳ ಮೋಹ ಇಳಿಯುತ್ತಾ ಬಂತು. ಟಾರ್ಕಿನ ಮೇಲಿನ ಪ್ರೇಮ ಅಷ್ಟು ಗಾಢವಾಗಿದ್ದರೆ ಬೆಲೆಯ ಅಂತರ ಕರಗಿದೊಡನೆ ಅದೂ ಏಕೆ ಕರಗಬೇಕಿತ್ತು?

ಇನ್ನು ಹೊಗೆ. ಪೆಟ್ರೋಲಿನ ಹೊಗೆಯೂ ಧೂಪವಲ್ಲ. ಡೀಸೆಲ್ ಕಿಲೋಮೀಟರಿಗೆ ಕಡಿಮೆ ಇಂಗಾಲಾಮ್ಲವನ್ನು ಉಗುಳುತ್ತದೆಂಬುದನ್ನೂ ಒಪ್ಪುತ್ತೇನೆ. ಆದರೆ ಶ್ವಾಸಕೋಶಕ್ಕೆ ಇಳಿಯುವ ಮಸಿ ಮತ್ತು ಸಾರಜನಕದ ಆಕ್ಸೈಡುಗಳ ವಿಚಾರದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಬಿಎಸ್-4 ನಿಯಮದ ಕಾಲದಲ್ಲಿ ಪೆಟ್ರೋಲ್ ಕಾರು ಕಿಲೋಮೀಟರಿಗೆ 80 ಮಿಲಿಗ್ರಾಂ ಸಾರಜನಕದ ಆಕ್ಸೈಡನ್ನು ಬಿಡಬಹುದಾಗಿದ್ದರೆ, ಡೀಸೆಲ್ ಕಾರಿಗೆ ಕಾನೂನೇ 250 ಮಿಲಿಗ್ರಾಂ ಬಿಡಲು ಅನುಮತಿ ಕೊಟ್ಟಿತ್ತು. 2012ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಕಪಟ ಬಯಲಾಯಿತು. ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗಿದ್ದು ರಸ್ತೆಯಲ್ಲಿ ಮಿತಿಮೀರಿ ವಿಷ ಕಾರುವಂತೆ ಮಾಡುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಿಗೆ ಅಳವಡಿಸಿದ್ದರು. ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ಶಿಸ್ತಿನಿಂದ ಕೂರುವ ತರಗತಿಗಳನ್ನು ನಾವು ಕಂಡಿಲ್ಲವೇ? ಇಲ್ಲಿ ಯಂತ್ರಕ್ಕೇ ಆ ವಿದ್ಯೆ ಕಲಿಸಿದ್ದರು. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಕಂಪನಿ ಆ ವರ್ಷದ ಕೊನೆಗೆ ಪ್ರಕಟಿಸಿತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದು ಡೀಸೆಲಿನ ಮಿತಿಯನ್ನು 80 ಮಿಲಿಗ್ರಾಮಿಗೆ ಇಳಿಸಿದಾಗ, ಸಣ್ಣ ಕಾರಿನಲ್ಲಿ ಅದನ್ನು ಸಾಧಿಸುವ ಖರ್ಚು ಗಿಟ್ಟದೆಂದು ಮಾರುತಿ ಕಂಪನಿ ಡೀಸೆಲನ್ನೇ ಕೈಬಿಟ್ಟಿತು. ಪೋಲೋದ ಡೀಸೆಲ್ ರೂಪವೂ ಆಗಲೇ ಕೊನೆಗೊಂಡಿತು. 2025ರಲ್ಲಿ ನಮ್ಮ ದೇಶಕ್ಕೆ ಬಂದ ಗಾಲ್ಫ್ ಜಿಟಿಐ, ಆಕ್ಟೇವಿಯಾ ಆರ್‌ಎಸ್ ಎರಡೂ ಪೆಟ್ರೋಲಿನವೇ.

ಹೀಗೆ ತಯಾರಕರೇ ಕೈಬಿಟ್ಟ ವಸ್ತುವನ್ನು ನಮ್ಮ ಹುಡುಗರು ಎರಡನೆಯ ಕೈಯಲ್ಲಿ ಕೊಂಡು ‘ರೀಮ್ಯಾಪ್’ ಮಾಡಿಸುತ್ತಾರೆ. ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ಹೆಚ್ಚು ಇಂಧನ ಚಿಮುಕಿಸಲು ಹೇಳುವುದು. ಇರುವ ಗಾಳಿಯಲ್ಲಿ ಉರಿಯಲಾರದಷ್ಟು ಡೀಸೆಲ್ ಬಿದ್ದಾಗ ಉಳಿದದ್ದು ಮಸಿಯಾಗಿ ಹಿಂದಿನ ಕೊಳವೆಯಿಂದ ಬರುತ್ತದೆ. ಆ ಕಪ್ಪು ಮೋಡವನ್ನು ಅವರು ಶಕ್ತಿಯ ಗುರುತೆಂದು ಭ್ರಮಿಸುತ್ತಾರೆ; ಅದು ಸುಡದೆ ಹಾಳಾದ ಅವರದೇ ಹಣ. ಮಸಿ ತಡೆಯುವ ಫಿಲ್ಟರನ್ನೇ ಕಿತ್ತು ಹಾಕಿಸುವವರೂ ಇದ್ದಾರೆ. ಹಿಂದೆ ಬಸ್‌ಸ್ಟಾಪಿನಲ್ಲಿ ನಿಂತ ಶಾಲಾಮಕ್ಕಳು ಅದನ್ನು ಉಸಿರಾಡುತ್ತಾರೆ. ವಾಹನವನ್ನು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಆಗಬಹುದು. ಕೊಂಡವರ ಮಕ್ಕಳಿಗೆ ಇದನ್ನು ಗ್ಯಾರೇಜಿನವರು ಹೇಳುವುದಿಲ್ಲ. ಆದುದರಿಂದ ನಾನು ಹೇಳುತ್ತಿದ್ದೇನೆ.

ಕೊನೆಗೆ ಗಣಿತ. ಹೊಸ ಡೀಸೆಲ್ ಕಾರಿಗೆ ಒಂದು ಲಕ್ಷ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಲೆಕ್ಕದ ಅನುಕೂಲಕ್ಕೆ ಪೆಟ್ರೋಲ್ 100 ರೂಪಾಯಿ, ಡೀಸೆಲ್ 90 ರೂಪಾಯಿ. ಮೈಲೇಜು ಮೊದಲಿನಂತೆಯೇ 15 ಮತ್ತು 20. ಕಿಲೋಮೀಟರಿಗೆ ಪೆಟ್ರೋಲಿಗೆ 6 ರೂಪಾಯಿ 67 ಪೈಸೆ, ಡೀಸೆಲಿಗೆ 4 ರೂಪಾಯಿ 50 ಪೈಸೆ. ಉಳಿತಾಯ 2 ರೂಪಾಯಿ 17 ಪೈಸೆ. ಒಂದು ಲಕ್ಷ ಹಿಂದೆ ಬರಲು 46,000 ಕಿಲೋಮೀಟರ್ ಓಡಬೇಕು. ಭಾನುವಾರಕ್ಕೊಮ್ಮೆ ಕಾಪು ದೀಪಸ್ತಂಭಕ್ಕೋ ಕಾರ್ಕಳದ ಗೊಮ್ಮಟಬೆಟ್ಟಕ್ಕೋ ಹೋಗಿ ಬರುವವನ ಓಟ ತಿಂಗಳಿಗೆ 400 ಕಿಲೋಮೀಟರ್ ಆದರೆ, ಅದಕ್ಕೆ ಒಂಬತ್ತೂವರೆ ವರ್ಷ ಬೇಕು. “ಈಗ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುತ್ತಾರಲ್ಲ ಸರ್, ಮೈಲೇಜು ಇಳಿಯುತ್ತದೆ” ಎನ್ನುವವರ ಮಾತಿನಲ್ಲಿ ತಥ್ಯವಿದೆ. ಎಥನಾಲಿಗೆಂದು ಹೊಂದಿಸದ ಹಳೆಯ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂಬತ್ತೂವರೆ ವರ್ಷ ಎಂಟಕ್ಕೆ ಇಳಿಯುತ್ತದೆ, ಅಷ್ಟೇ. ಇನ್ನು ಬಿಎಸ್-6 ಡೀಸೆಲ್ ಕಾರಿನ ಮಸಿ ಫಿಲ್ಟರಿಗೆ ಆಗಾಗ ದೂರದ ಬಿಸಿ ಓಟ ಬೇಕು. ಆಗಲೇ ಅದರಲ್ಲಿ ಸೇರಿದ ಮಸಿ ಸುಟ್ಟುಹೋಗುವುದು. ಉಡುಪಿ–ಮಣಿಪಾಲದ ನಾಲ್ಕೈದು ಕಿಲೋಮೀಟರಿನಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಇಂಜೆಕ್ಟರೋ ಟರ್ಬೋವೋ ಕೆಟ್ಟರೆ ವರ್ಷಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಟಾರ್ಕೇ ಸರ್ವಸ್ವ ಎನ್ನುವವರಿಗೆ ಇನ್ನೊಂದು ಮಾತು. ನಿಂತಲ್ಲಿಂದಲೇ, ಒಂದು ಸುತ್ತೂ ಕಾಯದೆ ಪೂರ್ಣ ಟಾರ್ಕ್ ಕೊಡುವುದು ವಿದ್ಯುತ್ ಮೋಟಾರು. ಅದು ರಸ್ತೆಗಿಳಿದ ಮೇಲೆ ಡೀಸೆಲಿನ ಆ ಒಂದು ಹೆಮ್ಮೆಯೂ ಉಳಿದಿಲ್ಲ. ಟಾರ್ಕಿಗೆ ನಿಷ್ಠರಾದವರು ನ್ಯಾಯವಾಗಿ ಅತ್ತ ಹೋಗಬೇಕು, ಹಳೆಯ ಡೀಸೆಲಿನತ್ತ ಅಲ್ಲ.

ಆದುದರಿಂದ ನನ್ನ ಪ್ರೀತಿಯ ಶಿಷ್ಯರೇ, ಬಂಧುಗಳೇ, ನಿಮ್ಮಲ್ಲಿ ಯಾರಾದರೂ ಕಾರ್ಕಳದಿಂದ ಮಂಗಳೂರಿಗೆ ದಿನವೂ ಹೋಗಿ ಬರುವವರಾದರೆ, ಬಾಡಿಗೆಗೆ ವಾಹನ ಓಡಿಸುವವರಾದರೆ, ತುಂಬಿದ ಸಂಸಾರವನ್ನು ಕೂರಿಸಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಓಡಾಡುವವರಾದರೆ ಧಾರಾಳವಾಗಿ ಡೀಸೆಲ್ ಕೊಳ್ಳಿ. ನಾನೇ ಬಂದು ಆರಿಸಲು ಸಹಾಯ ಮಾಡುತ್ತೇನೆ. ಆದರೆ ಚಾಲನೆಯ ಸಂತೋಷಕ್ಕಾಗಿ ಕಾರು ಬೇಕೆನ್ನುವವರು ಹಗುರವಾದ, ಚಿಕ್ಕದಾದ, ಪ್ರಾಮಾಣಿಕವಾದ ಪೆಟ್ರೋಲ್ ಕಾರನ್ನು ಕೊಳ್ಳಿ. ತಯಾರಕರು ಕೊಟ್ಟಂತೆಯೇ ಅದನ್ನು ಇಟ್ಟುಕೊಳ್ಳಿ. ಉಳಿದ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ. ಕಟಪಾಡಿಯಲ್ಲಿಯೂ ಕಾಪುವಿನಲ್ಲಿಯೂ ಹೆದ್ದಾರಿ ದಾಟಲು ನಿಂತ ಜನರನ್ನು ಕಂಡಾಗ ಕಾಲನ್ನು ಬ್ರೇಕಿನ ಮೇಲಿಡಿ. ಡೀಸೆಲನ್ನು ಮಲ್ಪೆಯ ಬೋಟಿಗೂ ಬಸ್ಸಿಗೂ ಲಾರಿಗೂ ಬಿಟ್ಟುಕೊಡಿ. ಅವುಗಳಿಗೆ ಅದರ ಅಗತ್ಯ ನಿಮಗಿಂತ ಹೆಚ್ಚಿದೆ.